ಹಿಮೋಫಿಲಿಯಾ: ಎಳೆಯರ ಒಳರಕ್ತಸ್ರಾವ ಮತ್ತು ಸ್ಕ್ಯಾನಿಂಗ್‌ನ ಇತಿಹಾಸ

ಹಿಮೋಫಿಲಿಯಾ ರಕ್ತ ಹೆಪ್ಪುಗಟ್ಟಲು ಬೇಕಾದ 8ನೇ ಅಥವಾ 9ನೇ ಫ್ಯಾಕ್ಟರ್‌ನ ಕೊರತೆಯಿಂದ ಬರುವ ಆನುವಂಶಿಕ ಕಾಯಿಲೆ. ಇದರ ಎ ಬಗೆ ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಇರುತ್ತದೆ. ರಕ್ತ ಸಾಮಾನ್ಯವಾಗಿ ಸೋರುವುದು ಮಂಡಿ, ಮೊಣಕೈ ಮತ್ತು ಪಾದದ ಕೀಲುಗಳೊಳಗೆ. ಮಿದುಳು, ಸೊಂಟದ ಒಳಸ್ನಾಯು, ಕರುಳಿನ ಗೋಡೆ, ಮೂಳೆಯ ಒಳಭಾಗಗಳಲ್ಲಿ ಆಗುವ ಸ್ರಾವ ಅಪರೂಪ. ಹೊರಗೆ ಗುರುತೇ ಕಾಣದಿರುವುದರಿಂದ ಅದರ ಅಪಾಯವೂ ಹೆಚ್ಚು.

ಜರ್ಮನಿಯ ಶಸ್ತ್ರವೈದ್ಯ ಫ್ರಾಂಜ್ ಕ್ಯೋನಿಗ್ 1892ರಲ್ಲಿ ಈ ರೋಗದ ಕೀಲುಹಾನಿಯನ್ನು ಹಂತಹಂತವಾಗಿ ವರ್ಣಿಸಿದಾಗ ಎಕ್ಸ್‌ರೇ ಇನ್ನೂ ಬಂದಿರಲಿಲ್ಲ. 1895ರಲ್ಲಿ ಅದು ಬಂದ ಮೇಲೂ ಕಂಡದ್ದು ಮೂಳೆ ಮಾತ್ರ, ರಕ್ತವಲ್ಲ. 1918ರಲ್ಲಿ ಸ್ಟಾರ್ಕರ್ ಎಂಬ ವೈದ್ಯ ಮೊದಲ ಬಾರಿಗೆ ವರದಿ ಮಾಡಿದ ಹುಸಿಗಡ್ಡೆ ವೈದ್ಯರನ್ನು ಬಹುಕಾಲ ಗೊಂದಲಕ್ಕೆ ತಳ್ಳಿತು. ಮತ್ತೆ ಮತ್ತೆ ಸೋರಿದ ರಕ್ತ ಕೋಶ ಕಟ್ಟಿಕೊಂಡು ಮೂಳೆಯನ್ನು ಕೊರೆಯುತ್ತ ಹೋಗುವುದರಿಂದ ಎಕ್ಸ್‌ರೇಯಲ್ಲಿ ಅದು ಕ್ಯಾನ್ಸರ್‌ನಂತೆ ತೋರುತ್ತದೆ. ಖಚಿತಪಡಿಸಿಕೊಳ್ಳಲು ಸೂಜಿ ಚುಚ್ಚಿದರೆ ನಿಲ್ಲದ ರಕ್ತಸ್ರಾವ, ಸೋಂಕು ಎರಡರ ಭಯವೂ ಇದೆ. 1977ರ ಆರ್ನಾಲ್ಡ್–ಹಿಲ್ಗಾರ್ಟ್ನರ್ ವರ್ಗೀಕರಣ ಮತ್ತು 1980ರ ಪೆಟರ್ಸನ್ ಅಂಕಪದ್ಧತಿಗಳೂ ಎಕ್ಸ್‌ರೇಯನ್ನೇ ನೆಚ್ಚಿದ್ದವು. ಹಾನಿ ಆಗಿಹೋದ ಮೇಲಷ್ಟೇ ಅವು ಅದನ್ನು ಅಳೆಯಬಲ್ಲವಾಗಿದ್ದವು.

1971ರಲ್ಲಿ ಲಂಡನ್‌ನಲ್ಲಿ ಮೊದಲ ರೋಗಿಯ ತಲೆಯನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗಿನಿಂದ ಚಿತ್ರ ಬದಲಾಯಿತು. ಅದಕ್ಕೂ ಮುಂಚೆ ಮಿದುಳಿನ ಸ್ರಾವವನ್ನು ಪತ್ತೆಹಚ್ಚಲು ರಕ್ತನಾಳಕ್ಕೆ ಬಣ್ಣದ್ರವ ಚುಚ್ಚಬೇಕಿತ್ತು. ಹಿಮೋಫಿಲಿಯಾ ಇರುವ ಮಗುವಿಗೆ ಆ ಚುಚ್ಚುವಿಕೆಯೇ ಗಂಡಾಂತರ. ಸಿ.ಟಿ.ಯಲ್ಲಿ ಹೊಸ ರಕ್ತ ನಿಮಿಷಗಳಲ್ಲೇ ಬೆಳ್ಳಗೆ ಕಾಣುತ್ತದೆ. ಆದರೂ ತಲೆಗೆ ಪೆಟ್ಟಾದಾಗ ಕೊರತೆಯಿರುವ ಫ್ಯಾಕ್ಟರ್‌ನ ಚುಚ್ಚುಮದ್ದು ಮೊದಲು, ಸ್ಕ್ಯಾನ್ ಆಮೇಲೆ ಎಂಬ ನಿಯಮ ಇಂದಿಗೂ ಕಟ್ಟುನಿಟ್ಟು. ಎಷ್ಟೇ ಒಳ್ಳೆಯ ಯಂತ್ರವಿದ್ದರೂ ಅದಕ್ಕಾಗಿ ಚಿಕಿತ್ಸೆಯನ್ನು ಕಾಯಿಸುವಂತಿಲ್ಲ.

ಅಲ್ಟ್ರಾಸೌಂಡ್‌ನಿಂದ ಹೆಚ್ಚು ಉಪಕಾರವಾದದ್ದು ಸೊಂಟದ ಇಲಿಯೊಸೋವಾಸ್ ಸ್ನಾಯುವಿನ ಸ್ರಾವದಲ್ಲಿ. ಹುಡುಗ ತೊಡೆ ಮಡಚಿಕೊಂಡು ನರಳುತ್ತಾನೆ. ನೋವು ಬಲಗಡೆಯಾದರೆ ಅಪೆಂಡಿಸೈಟಿಸ್ ಎಂದೇ ತೋರುತ್ತದೆ. ಹೊಟ್ಟೆ ಕೊಯ್ಯುವ ಅನಾಹುತವನ್ನು ಈ ಸರಳ ಪರೀಕ್ಷೆ ತಪ್ಪಿಸುತ್ತದೆ.

1980ರ ದಶಕದಲ್ಲಿ ಬಳಕೆಗೆ ಬಂದ ಎಂ.ಆರ್.ಐ. ಹಳೆಯ ಸ್ರಾವ ಉಳಿಸಿಹೋದ ಕಬ್ಬಿಣಾಂಶವನ್ನೂ ಹುಸಿಗಡ್ಡೆಯ ಎಲ್ಲೆಯನ್ನೂ ತೋರಿಸಿತು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 65 ಗಂಡುಮಕ್ಕಳನ್ನು ಆರು ವರ್ಷ ವಯಸ್ಸಿನವರೆಗೆ ಗಮನಿಸಲಾಯಿತು. ಮುನ್ನೆಚ್ಚರಿಕೆಯಾಗಿ ಫ್ಯಾಕ್ಟರ್ ಪಡೆಯುತ್ತಿದ್ದವರಲ್ಲಿ 93%, ರಕ್ತ ಸೋರಿದಾಗ ಮಾತ್ರ ಪಡೆದವರಲ್ಲಿ 55% ಮಕ್ಕಳ ಕೀಲುಗಳು ಎಂ.ಆರ್.ಐ.ಯಲ್ಲಿ ಸರಿಯಾಗಿದ್ದವು. ಸ್ರಾವವಾದದ್ದೇ ತಿಳಿಯದ ಕೆಲವು ಕೀಲುಗಳಲ್ಲೂ ಹಾನಿ ಕಂಡದ್ದರಿಂದ, ಗಮನಕ್ಕೇ ಬಾರದ ಸಣ್ಣ ಸ್ರಾವಗಳೂ ಕೀಲನ್ನು ಕೆಡಿಸುತ್ತಿರಬಹುದೆಂಬ ಶಂಕೆ ಬಲವಾಯಿತು.

ಎಂ.ಆರ್.ಐ. ದುಬಾರಿ; ಪುಟ್ಟ ಮಕ್ಕಳನ್ನು ಅಲುಗಾಡದಂತೆ ಮಲಗಿಸಲು ನಿದ್ರೆಮದ್ದು ಬೇಕಾಗುತ್ತದೆ. 2013ರಲ್ಲಿ ಇಟಲಿಯ ಕಾರ್ಲೊ ಮಾರ್ಟಿನೋಲಿ ಮತ್ತು ಸಂಗಡಿಗರು ರೂಪಿಸಿದ ಹೆಡ್-ಯು.ಎಸ್. ವಿಧಾನ ಆರು ಕೀಲುಗಳನ್ನು ಅಲ್ಟ್ರಾಸೌಂಡ್‌ನಿಂದಲೇ ನೋಡುತ್ತದೆ. ಡಾ. ಸುರೇಶ್ ಹನಗವಾಡಿಯವರ ಮುಂದಾಳತ್ವದಲ್ಲಿ ಬೆಳೆದ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥ, ಹಳ್ಳಿಗಳಿಂದ ಮಕ್ಕಳು ಬರುವ ಕೇಂದ್ರಗಳಿಗೆ ಹೊಂದುವುದು ಇಂಥ ವಿಧಾನವೇ. ಆದರೆ ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ಬಂದ ಕಾಯ್ದೆಯಡಿ ಭಾರತದಲ್ಲಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಕೈಯಲ್ಲಿ ಒಯ್ಯುವ ಯಂತ್ರಗಳ ಮೇಲೆ ಇನ್ನೂ ಬಿಗಿಯಾದ ನಿರ್ಬಂಧಗಳಿವೆ. ಕಾಯ್ದೆಯ ಉದ್ದೇಶ ಪ್ರಶ್ನಾತೀತ. ಆದರೂ ಮಂಡಿ ಊದಿದ ಹುಡುಗನ ಮನೆಬಾಗಿಲಿಗೆ ಯಂತ್ರವನ್ನು ಸುಲಭವಾಗಿ ಕೊಂಡೊಯ್ಯಲು ಈ ನಿರ್ಬಂಧಗಳಿಂದಾಗಿ ಆಗುತ್ತಿಲ್ಲ.