ಮನೆಯೊಳಗೆ ಹೂಡಿದ ಹಿರಿಯ ಒಲೆ

ನಮ್ಮ ಕಡೆಯ ಮನೆಗಳಲ್ಲಿ ಮದುವೆ, ಮುಂಜಿ, ಸಮಾರಾಧನೆಗಳು ಒದಗಿದಾಗ ನಿತ್ಯದ ಅಡುಗೆಯ ಒಲೆಯನ್ನು ಅದರ ಪಾಡಿಗೆ ಬಿಟ್ಟು, ಹಿತ್ತಿಲಿನಲ್ಲಿ ಚಪ್ಪರವಿಕ್ಕಿ, ನೆಲವನ್ನು ಉದ್ದಕ್ಕೆ ತೋಡಿ, ಇಕ್ಕೆಲಗಳಲ್ಲಿ ಕಲ್ಲುಗಳನ್ನು ಜೋಡಿಸಿ, ಕೊಪ್ಪರಿಗೆ ಕೂರುವಷ್ಟು ದೊಡ್ಡ ಒಲೆಗಳನ್ನು ಹೂಡುವ ಪದ್ಧತಿ ಬಹು ಹಿಂದಿನದು. ಊರಿಗೆ ಉಣಬಡಿಸುವ ಬೆಂಕಿಯನ್ನು ಮನೆಯ ಮಾಡಿನ ಕೆಳಗೆ ಹೊತ್ತಿಸಲಾಗದೆಂಬ ವಿವೇಕ ಆ ಪದ್ಧತಿಯಲ್ಲಿ ಅಡಗಿದೆ. ಇದಕ್ಕೆ ತದ್ವಿರುದ್ಧವಾಗಿ, ಹೋಟೆಲಿನ ಒಲೆಯನ್ನೇ ತಂದು ಮನೆಯ ಅಡುಗೆಕೋಣೆಯಲ್ಲಿ ನಿಲ್ಲಿಸಬೇಕೆಂಬ ಅಭಿಲಾಷೆಯೊಂದು ಪಾಶ್ಚಾತ್ಯ ದೇಶಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಕಳೆದ ಶತಮಾನದ ಉತ್ತರಾರ್ಧದಲ್ಲಿ ಪ್ರಬಲವಾಯಿತು. ಅದರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಜ್ವಾಲೆಯ ತೀವ್ರತೆಯನ್ನೂ ಪಾಕದ ರುಚಿಯನ್ನೂ ವರ್ಣಿಸುವುದುಂಟು. ನನಗಾದರೋ ಆ ಚರಿತ್ರೆಯ ಮರ್ಮವು ಒಲೆಯ ಹಿಂದಿರುವ ಗೋಡೆಯಲ್ಲಿದೆಯೆಂದೇ ತೋರುತ್ತದೆ.

ಬಹುಜನರಿಗೆ ಅಟ್ಟು ಬಡಿಸುವ ಒಲೆಯನ್ನು ಶಾಸ್ತ್ರದೃಷ್ಟಿಯಿಂದ ಪರಿಶೀಲಿಸಿದವರಲ್ಲಿ ಅಗ್ರಗಣ್ಯನು ಕೌಂಟ್ ರಮ್‌ಫರ್ಡನೆಂದು ಪ್ರಸಿದ್ಧನಾದ ಬೆಂಜಮಿನ್ ಥಾಮ್ಸನ್. 1753ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಜನಿಸಿ, ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಆಂಗ್ಲರ ಪಕ್ಷ ಹಿಡಿದು, ತರುವಾಯ ಬವೇರಿಯದ ದೊರೆಯ ಸೇವೆಗೆ ಸೇರಿದ ಈತನು, 1790ರಲ್ಲಿ ಮ್ಯೂನಿಕ್ ನಗರದ ಭಿಕ್ಷುಕರನ್ನೆಲ್ಲ ಒಂದೆಡೆ ಸೇರಿಸಿ ಅವರಿಗೆ ದುಡಿಮೆಯನ್ನೂ ಅನ್ನವನ್ನೂ ಒದಗಿಸಲು ತೊಡಗಿದಾಗ, ಸಾವಿರ ಜನರ ಊಟಕ್ಕೆ ಸೌದೆ ಎಷ್ಟು ಬೇಕೆಂಬ ಪ್ರಶ್ನೆ ಎದುರಾಯಿತು. ಯುರೋಪಿನ ತೆರೆದ ಅಗ್ಗಿಷ್ಟಿಕೆಯಲ್ಲಿ ಶಾಖದ ಬಹುಭಾಗವು ಪಾತ್ರೆಯನ್ನು ಮುಟ್ಟದೆಯೇ ಹೊಗೆಯ ದಾರಿ ಹಿಡಿಯುತ್ತದೆಂದು ಕಂಡುಕೊಂಡ ಆತನು, ಇಟ್ಟಿಗೆಯ ದಪ್ಪ ಕಟ್ಟೆಯೊಳಗೆ ಪಾತ್ರೆಗೊಂದರಂತೆ ಮುಚ್ಚಿದ ಉರಿಗೂಡುಗಳನ್ನು ಹುದುಗಿಸಿ, ಗಾಳಿ ಒಳಬರುವ ಕಂಡಿಗೂ ಹೊಗೆ ಹೊರಹೋಗುವ ಕೊಳವೆಗೂ ತಡೆಗಳನ್ನಿಟ್ಟು, ಬೆಂಕಿಯನ್ನು ಬೇಕಾದಷ್ಟಕ್ಕೆ ಹಿಗ್ಗಿಸಿ ಕುಗ್ಗಿಸುವ ಉಪಾಯವನ್ನು ರೂಪಿಸಿದನು. ಆ ವಿಧಾನವು ದರಿದ್ರರ ಅನ್ನಶಾಲೆಯಿಂದ ಲೆರ್ಶನ್‌ಫೆಲ್ಡ್ ಎಂಬ ಶ್ರೀಮಂತನ ಮನೆಗೂ ಹೋಯಿತು. ಅಲ್ಲಿ ಅದರಿಂದ ಯಾವ ತೊಡಕೂ ಉಂಟಾಗದಿದ್ದುದಕ್ಕೆ ಕಾರಣ ಸ್ಪಷ್ಟವಾಗಿದೆ: ರಮ್‌ಫರ್ಡನ ಒಲೆಯು ತಾನೇ ಒಂದು ಗೋಡೆಯಾಗಿದ್ದಿತು, ಅದರ ಶಾಖವನ್ನು ಅದರ ಇಟ್ಟಿಗೆಗಳೇ ತಡೆದು ನಿಲ್ಲಿಸುತ್ತಿದ್ದುವು.

ಸೌದೆಯ ಒಲೆಯ ತರುವಾಯ ಬಂದುದು ಅನಿಲದ ಒಲೆ. ಇಂಗ್ಲೆಂಡಿನ ನಾರ್ತಾಂಪ್ಟನ್ನಿನಲ್ಲಿ ಜೇಮ್ಸ್ ಶಾರ್ಪ್ ಎಂಬಾತನು ಅದಕ್ಕೆ 1826ರಲ್ಲಿ ಸ್ವಾಮ್ಯಪತ್ರ ಪಡೆದು 1836ರಲ್ಲಿ ಕಾರ್ಖಾನೆಯನ್ನು ತೆರೆದನು. 1841ರಲ್ಲಿ ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ ರಿಫಾರ್ಮ್ ಕ್ಲಬ್ಬಿನ ಹೊಸ ಕಟ್ಟಡ ಸಿದ್ಧವಾದಾಗ, ಅಲ್ಲಿನ ಮುಖ್ಯ ಬಾಣಸಿಗನಾಗಿದ್ದ ಅಲೆಕ್ಸಿಸ್ ಸೊಯೆರ್ ಅನಿಲದ ಒಲೆಗಳನ್ನು ಧೈರ್ಯವಾಗಿ ಬಳಕೆಗೆ ತಂದನು. ವಿಕ್ಟೋರಿಯ ರಾಣಿಯ ಪಟ್ಟಾಭಿಷೇಕದ ದಿನ, 1838ರ ಜೂನ್ 28ರಂದು, ಎರಡು ಸಾವಿರ ಅತಿಥಿಗಳ ಉಪಾಹಾರವನ್ನು ನಿರ್ವಹಿಸಿದ್ದ ಸಮರ್ಥನೀತ. ಆತನ ಪಾಕಶಾಲೆಯನ್ನು ನೋಡಲು ಗಣ್ಯರು ಬರುತ್ತಿದ್ದರು. ನನಗೆ ಆತನಲ್ಲಿ ಹೆಚ್ಚಿನ ಗೌರವವುಂಟಾಗುವುದು ಬೇರೊಂದು ಕಾರಣದಿಂದ. 1846ರಲ್ಲಿ ಪ್ರಕಟಿಸಿದ ತನ್ನ ಬೃಹದ್ಗ್ರಂಥದಲ್ಲಿ ಆತನು ಕ್ಲಬ್ಬಿನ ಭವ್ಯ ಪಾಕಶಾಲೆಯ ನಕ್ಷೆಯೊಡನೆ ತನ್ನ ಮನೆಯ ಅಡುಗೆಕೋಣೆಯ, ಬ್ರಹ್ಮಚಾರಿಯ ಬಿಡಾರದ, ಬಡವನ ಕುಟೀರದ ಅಡುಗೆಕೋಣೆಗಳ ನಕ್ಷೆಗಳನ್ನೂ ಕೊಟ್ಟನು. ದೊಡ್ಡ ಅಡುಗೆಮನೆಯ ಅನುಕೂಲತೆ ಚಿಕ್ಕ ಮನೆಗೆ ಬರಬೇಕಾದರೆ ಅದರ ಪ್ರಮಾಣವು ಮನೆಗೆ ತಕ್ಕಂತೆ ಕುಗ್ಗಬೇಕೆಂಬ ಔಚಿತ್ಯಪ್ರಜ್ಞೆ ಆತನಿಗಿದ್ದಿತು.

ಅಮೆರಿಕದಲ್ಲಿ ಈ ಔಚಿತ್ಯಕ್ಕೆ ಭಂಗ ಬಂದಿತು; ಆದರೆ ಅದನ್ನು ತಂದವಳ ಮೇಲೆ ಕೋಪಿಸಿಕೊಳ್ಳಲು ಮನಸ್ಸು ಬಾರದು. ಪ್ಯಾರಿಸ್ಸಿನ ಕಾರ್ಡೋನ್ ಬ್ಲೂ ಪಾಕವಿದ್ಯಾಶಾಲೆಯಲ್ಲಿ ಕಲಿತು ಸ್ವದೇಶಕ್ಕೆ ಮರಳಿದ ಜೂಲಿಯಾ ಚೈಲ್ಡ್, 1956ರಲ್ಲಿ ವಾಷಿಂಗ್ಟನ್ನಿನಲ್ಲಿ, ಬಳಸಿ ಬಿಟ್ಟಿದ್ದ ಗಾರ್ಲೆಂಡ್ ಕಂಪೆನಿಯ ಹೋಟೆಲ್ ಒಲೆಯೊಂದನ್ನು 429 ಡಾಲರು ಕೊಟ್ಟು ಕೊಂಡಳು. ಆರು ಉರಿಗಳ, ಕಪ್ಪು ಮೈಯ ಆ ಒಲೆಯು 1961ರಲ್ಲಿ ದಂಪತಿಗಳೊಡನೆ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ಜಿಗೆ ಪಯಣಿಸಿತು. ಅಲ್ಲಿ ಆಕೆಯ ಪತಿ ಪಾಲ್ ಚೈಲ್ಡ್ ಅಡುಗೆಕೋಣೆಯನ್ನು ಒಲೆಗೂ ಒಡತಿಗೂ ಒಪ್ಪುವಂತೆ ವಿನ್ಯಾಸಗೊಳಿಸಿದನು: ಆರಡಿಗೂ ಮಿಕ್ಕ ಎತ್ತರದ ಆಕೆ ಬಾಗದೆ ಹೆಚ್ಚಿ ಕೊಚ್ಚುವಂತೆ ಕಟ್ಟೆಗಳನ್ನು 38 ಅಂಗುಲಕ್ಕೆ ಏರಿಸಿ, ರಂಧ್ರಗಳುಳ್ಳ ಹಲಗೆಯನ್ನು ಗೋಡೆಗೆ ಬಡಿದು, ಯಾವ ಪಾತ್ರೆ ಎಲ್ಲಿ ತೂಗಬೇಕೆಂಬುದು ಮರೆಯದಂತೆ ಒಂದೊಂದರ ಆಕೃತಿಯನ್ನೂ ಆ ಹಲಗೆಯ ಮೇಲೆ ಗೆರೆಯೆಳೆದು ಗುರುತಿಸಿದನು. ದೂರದರ್ಶನದ ಮೂಲಕ ಅಡುಗೆ ಕಲಿಸಿ ಆಕೆ ದೇಶದ ಮನೆಮಾತಾದಂತೆಲ್ಲ ಹೋಟೆಲಿನ ಒಲೆಯ ಆಸೆ ಅನೇಕ ಗೃಹಿಣಿಯರಲ್ಲಿ ಅಂಕುರಿಸಿತು.

ಆ ಒಲೆಯನ್ನು ತಂದು ನಿಲ್ಲಿಸುವುದು ಎಂಥ ಕಾರ್ಯವೆಂಬುದನ್ನು ಇಲ್ಲಿ ಕೊಂಚ ವಿಸ್ತರಿಸಿ ಹೇಳಬೇಕಾಗಿದೆ. ಹೋಟೆಲಿನ ಒಲೆಯ ಪಾರ್ಶ್ವಗಳಲ್ಲಿಯೂ ಬೆನ್ನಿನಲ್ಲಿಯೂ ಉಕ್ಕಿನ ತಗಡಿನ ಹೊರತು ಶಾಖವನ್ನು ತಡೆಯುವ ಹೊದಿಕೆ ಇಲ್ಲವೆನ್ನುವಷ್ಟು ಅಲ್ಪ. ಅದು ಹೆಂಚು ಹೊದಿಸಿದ ಗೋಡೆಯೆದುರು, ಉರಿಯದ ನೆಲದ ಮೇಲೆ, ಬೆಳಗಿನಿಂದ ರಾತ್ರಿಯವರೆಗೆ ಕೆಲಸಗಾರರ ಕಣ್ಣಳತೆಯಲ್ಲಿ ಉರಿಯುವುದಕ್ಕಾಗಿ ನಿರ್ಮಿತವಾದದ್ದು. ಅಮೆರಿಕದ ಮನೆಯಾದರೋ ಬಹುಮಟ್ಟಿಗೆ ಮರದ ಚೌಕಟ್ಟಿನದು. ಗಾರೆಯ ಹಲಗೆಯ ಹಿಂದೆ ಒಣಗಿದ ಮರದ ಕಂಬಗಳು ಅವಿತು ನಿಂತಿರುತ್ತವೆ. ಒಲೆಯ ಬೆನ್ನಿನ ಕಾವು ವರ್ಷಾನುವರ್ಷ ತಗಲುತ್ತಿದ್ದರೆ ಆ ಮರವು ಒಳಗೊಳಗೇ ಕರಿಕಾಗಿ, ಹೊಸ ಮರಕ್ಕೆ ಬೇಕಾಗುವುದಕ್ಕಿಂತ ಕಡಿಮೆ ಶಾಖದಲ್ಲಿಯೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಹೊರಗೆ ಬಣ್ಣ ಮಾಸಿರುವುದಿಲ್ಲ, ಒಳಗೆ ಇದ್ದಿಲು ಸಿದ್ಧವಾಗಿರುತ್ತದೆ. ತನ್ನಿಮಿತ್ತ ಒಲೆಗೂ ಗೋಡೆಗೂ ನಡುವೆ ಸುಮಾರು ಆರು ಅಂಗುಲ ತೆರಪು ಬಿಡಬೇಕು, ಗೋಡೆಯನ್ನು ಅಂತರವಿಟ್ಟು ತಗಡಿನಿಂದ ಹೊದಿಸಬೇಕು. ಹಳೆಯ ಒಲೆಗಳಲ್ಲಿ ಹಗಲಿರುಳೂ ಆರದೆ ಉರಿಯುತ್ತಿದ್ದ ಕಿರುದೀಪಗಳು, ಮಗುವಿನ ಕೈ ತಗುಲಿದರೆ ಸುಡುವಷ್ಟು ಕಾಯುವ ಬಾಗಿಲು, ಮನೆಗೆ ಬಂದಿರುವ ಸಣ್ಣ ಕೊಳವೆಗೆ ಪೂರೈಸಲಾಗದ ಅನಿಲದ ಹಸಿವು, ಇವೆಲ್ಲ ಬೇರೆ. ಮನೆಯ ಉರಿಯೊಂದು ಗಂಟೆಗೆ ಸುಮಾರು 9,000 ಬಿಟಿಯು ಶಾಖ ಕೊಟ್ಟರೆ ಹೋಟೆಲಿನದು 20,000ವನ್ನೂ ಮೀರುವುದುಂಟು. ಅಷ್ಟು ಹಬೆಯನ್ನೂ ದಹನದ ಅನಿಲಗಳನ್ನೂ ಸೆಳೆದು ಹೊರಗೆ ಅಟ್ಟುವ ಮೇಲ್ಗವಸು ಬೇಕು, ಹೊರಗೆ ಹೋದ ಗಾಳಿಯ ಬದಲಿಗೆ ಒಳಗೆ ಬರುವ ಗಾಳಿಗೆ ದಾರಿ ಬೇಕು. ಆ ದಾರಿಯನ್ನು ಮರೆತ ಮನೆಗಳಲ್ಲಿ ನೀರು ಕಾಯಿಸುವ ಯಂತ್ರದ ಹೊಗೆಕೊಳವೆಯಿಂದ ವಿಷಾನಿಲವೇ ಹಿಂದಕ್ಕೆ ಎಳೆಯಲ್ಪಡುವ ಅಪಾಯವುಂಟು.

ಇದಕ್ಕೆ ಪರಿಹಾರ ದೊರೆತದ್ದು ಮಿಸಿಸಿಪಿ ರಾಜ್ಯದ ಗ್ರೀನ್‌ವುಡ್ ಎಂಬ ಹತ್ತಿಯ ಸೀಮೆಯ ಸಣ್ಣ ಪಟ್ಟಣದಲ್ಲಿ. ಅಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರನಾಗಿದ್ದ ಫ್ರೆಡ್ ಕಾರ್ಲ್ ತನ್ನ ಮನೆಯನ್ನು ಕಟ್ಟುತ್ತಿದ್ದಾಗ, ಆತನ ಪತ್ನಿಯು ತನ್ನ ತಾಯಿಯ ಮನೆಯಲ್ಲಿದ್ದಂಥ ಚೇಂಬರ್ಸ್ ಒಲೆ ಬೇಕೆಂದಳು. ಇಂಡಿಯಾನದ ಆ ಹಳೆಯ ಒಲೆಯ ಹೆಗ್ಗಳಿಕೆ ಶಾಖವನ್ನು ಒಳಗೇ ಹಿಡಿದಿಡುವ ದಪ್ಪ ಹೊದಿಕೆ. ಅನಿಲವನ್ನು ನಿಲ್ಲಿಸಿದ ಮೇಲೂ ಅಡುಗೆ ಬೇಯುತ್ತದೆಂಬುದೇ ಅದರ ಖ್ಯಾತಿ. ಅದರ ತಯಾರಿಕೆ ಆಗ ನಿಂತಿತ್ತು. ಹೋಟೆಲ್ ಒಲೆಯನ್ನೇ ಇಡೋಣವೆಂದು ವಿಚಾರಿಸಿದ ಕಾರ್ಲನಿಗೆ ಅದು ಮರದ ಮನೆಗೆ ಯೋಗ್ಯವಲ್ಲವೆಂದು ತಿಳಿಯಿತು. ಅವನು ಅಲ್ಲಿಗೆ ಕೈಬಿಡದೆ, ಹೋಟೆಲಿನ ಉರಿಯ ಬಲವೂ ಮನೆಯ ಒಲೆಯ ಹೊದಿಕೆಯೂ ಕೂಡಿದ ಹೊಸದೊಂದರ ನಕ್ಷೆಯನ್ನು ತಾನೇ ಬರೆದು, ಹಲವು ತಯಾರಕರ ಬಾಗಿಲು ತಟ್ಟಿ ನಿರಾಕರಣೆಯನ್ನುಂಡು, 1984ರಲ್ಲಿ ವೈಕಿಂಗ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಮೊದಲ ಒಲೆಗಳು 1987ರಲ್ಲಿ ಮನೆಗಳನ್ನು ತಲುಪಿದುವು. ತಾಯಿಯ ಮನೆಯ ಒಲೆಯ ಮೇಲೆ ಹೆಣ್ಣುಮಗಳೊಬ್ಬಳಿಗಿದ್ದ ಮಮತೆಯು ಒಂದು ಉದ್ಯಮಕ್ಕೆ ಬೀಜವಾಯಿತೆಂಬುದು ನನ್ನ ಮನಸ್ಸಿಗೆ ಬಹಳ ಹಿತವಾದ ಸಂಗತಿ. ಗೋಡೆಯಲ್ಲಿ ಇರಬೇಕಾದ ರಕ್ಷಣೆಯನ್ನು ಒಲೆಯೇ ತನ್ನ ಮೈಯಲ್ಲಿ ಧರಿಸಿದ್ದರಿಂದ ಅದು ಇತರ ಕಪಾಟುಗಳ ಪಕ್ಕದಲ್ಲಿ ತೆರಪಿಲ್ಲದೆ ನಿಲ್ಲಬಲ್ಲದಾಯಿತು.

ಉಳಿದವರೂ ಅದೇ ಹಾದಿ ಹಿಡಿದರು. ಹೋಟೆಲ್ ಒಲೆಗಳಿಗೆ ಹೆಸರಾಗಿದ್ದ ವುಲ್ಫ್ ಕಂಪೆನಿಯ ಗೃಹವಿಭಾಗವನ್ನು 2000ದಲ್ಲಿ ಶೈತ್ಯಪೆಟ್ಟಿಗೆಗಳ ತಯಾರಕರಾದ ಸಬ್‌-ಜೀರೋ ಸಂಸ್ಥೆಯವರು ಕೊಂಡುಕೊಂಡರು. ಅಂದಿನಿಂದ ಒಂದೇ ಹೆಸರಿನ ಒಲೆಗಳು ಎರಡು ಬೇರೆ ಒಡೆತನಗಳಲ್ಲಿ, ಒಂದು ಹೋಟೆಲಿಗಾಗಿ, ಮತ್ತೊಂದು ಮನೆಗಾಗಿ, ತಯಾರಾಗುತ್ತಿವೆ. ನಮ್ಮ ದೇಶದಲ್ಲಿ ಮನೆಯ ಅನಿಲಜಾಡಿ 14.2 ಕಿಲೋಗ್ರಾಮಿನದು, ಹೋಟೆಲಿನದು 19 ಕಿಲೋಗ್ರಾಮಿನದು ಎಂಬ ವಿಭಾಗವಿರುವಂತೆ, ಅಲ್ಲಿ ಒಲೆಗಳಲ್ಲಿಯೇ ವಿಭಾಗ ಸ್ಥಿರವಾಗಿದೆ. ಈಗಲೂ ಮುಚ್ಚಿದ ಹೋಟೆಲುಗಳ ಹರಾಜಿನಲ್ಲಿ ಹಳೆಯ ಒಲೆಯನ್ನು ಅಗ್ಗಕ್ಕೆ ಕೊಂಡು ಮನೆಗೆ ಹೊರಿಸುವವರಿದ್ದಾರೆ. ಅವರು ಒಲೆಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಹಣವನ್ನು ಇಟ್ಟಿಗೆಗೂ ತಗಡಿಗೂ ಕೊಳವೆಗೂ ಮೇಲ್ಗವಸಿಗೂ ಕೊಡಬೇಕಾಗುತ್ತದೆ. ಹಾಗೆ ಕೊಟ್ಟ ಮೇಲೂ, ಇದನ್ನು ವಾಸದ ಮನೆಯಲ್ಲಿ ಹೂಡತಕ್ಕದ್ದಲ್ಲವೆಂದು ಒಲೆಯ ಕೈಪಿಡಿಯಲ್ಲಿ ಮುದ್ರಿತವಾಗಿರುವ ಎಚ್ಚರಿಕೆ ಹಾಗೆಯೇ ಉಳಿದಿರುತ್ತದೆ.