ಗಾಲಿ ಕುರ್ಚಿಯ ಕಥೆ, ಮುತ್ಯಾನ ಅಳತೆ

ಯಾವ ಊರಿನ ಸರ್ಜಿಕಲ್ ಅಂಗಡಿಗಾದರೂ ಹೋಗಿ "ವೀಲ್‌ಚೇರ್ ತೋರಿಸಿ" ಅನ್ನಿ. ಒಳಗಿನಿಂದ ಬರೋದು ಬಹುತೇಕ ಒಂದೇ ಕುರ್ಚಿ. ಹೊಳೆಯುವ ಉಕ್ಕಿನ ಕೊಳವೆ, ಕಪ್ಪು ಅಥವಾ ನೀಲಿ ರೆಕ್ಸಿನ್ ಸೀಟು, ಹಿಂದೆ 24 ಇಂಚಿನ ಎರಡು ದೊಡ್ಡ ಗಾಲಿ, ಮುಂದೆ 8 ಇಂಚಿನ ಎರಡು ಪುಟ್ಟ ಗಾಲಿ, 18 ಇಂಚು ಅಗಲದ ಸೀಟು, ಅದರ ಕೆಳಗೆ ಕತ್ತರಿಯ ಹಾಗೆ ಮಡಚಿಕೊಳ್ಳುವ ಎರಡು ಪಟ್ಟಿ. ರೈಲ್ವೆ ಸ್ಟೇಶನ್ನಿನಲ್ಲೂ ಇದೇ, ಏರ್‌ಪೋರ್ಟಿನಲ್ಲೂ ಇದೇ, ಆಸ್ಪತ್ರೆಯಲ್ಲೂ ಇದೇ. ಇದನ್ನು ಯಾರು ಮಾಡಿದರು, ಯಾರಿಗೋಸ್ಕರ ಮಾಡಿದರು ಅಂತ ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಭಂಕೂರಿನಲ್ಲಿರುವ ನಮ್ಮ ಮುತ್ಯಾನಿಗೆ (ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತೀವಿ) ಒಂದು ಕುರ್ಚಿ ಬೇಕಾದಾಗಲೇ ಇದರ ಹಿಂದೆ ಬಿದ್ದದ್ದು.

ಭಂಕೂರ ಅಂದರೆ ಶಹಾಬಾದಿನ ಮಗ್ಗುಲಿನ ಊರು. ಶಹಾಬಾದ್ ಗೊತ್ತಿಲ್ಲದವರೂ ಶಹಾಬಾದ್ ಕಲ್ಲಿನ ಮೇಲೆ ಒಮ್ಮೆಯಾದರೂ ಕಾಲಿಟ್ಟಿರುತ್ತೀರಿ. ಪದರು ಪದರಾಗಿ ಬಿಡುವ ಸುಣ್ಣದ ಕಲ್ಲು. ನಾವು ಫರ್ಸಿ ಅಂತೀವಿ. 1870ರ ದಶಕದಲ್ಲಿ ಈ ಕಡೆ ರೈಲು ಬಂತು, 1874ರಲ್ಲಿ ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ಲೈನ್ ಶುರುವಾಯಿತು, ಕಲ್ಲು ದೂರ ದೂರ ಹೋಗುವುದಕ್ಕೆ ದಾರಿಯಾಯಿತು. ಅದೇ ಸುಣ್ಣದ ಕಲ್ಲನ್ನು ನಂಬಿ ಸಿಮೆಂಟ್ ಕಾರ್ಖಾನೆಯೂ ಬಂತು. 1936ರಲ್ಲಿ ಹತ್ತು ಕಂಪನಿ ಸೇರಿ ಎಸಿಸಿ ಆಯಿತಲ್ಲ, ಅದರಲ್ಲಿ ಶಹಾಬಾದ್ ಸಿಮೆಂಟ್ ಕೂಡ ಒಂದು. ನಮ್ಮ ಮುತ್ಯಾ ಮಾತ್ರ ಕಾರ್ಖಾನೆ ಕಡೆ ಹೋದವನಲ್ಲ, ಖಣಿಯವನು. ಹಾರಿ, ಉಳಿ, ಸುತ್ತಿಗೆ ಹಿಡಿದು ಫರ್ಸಿ ಎಬ್ಬಿಸುವುದೇ ಅವನ ಆಯುಷ್ಯದ ಕೆಲಸ. ವಯಸ್ಸು ಎಂಬತ್ತು ದಾಟಿದರೂ ತೋಳು ಇವತ್ತಿಗೂ ಗಟ್ಟಿ. ಕಾಲು ಕೈಕೊಟ್ಟಿತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಆಪರೇಶನ್ ಆಗಿ, ಈಗ ವಾಕರ್ ಹಿಡಿದು ನಾಲ್ಕು ಹೆಜ್ಜೆ ಅಷ್ಟೇ.

ಬಂಧುಗಳೊಬ್ಬರ ಮನೆಯಲ್ಲಿ ಖಾಲಿ ಬಿದ್ದಿದ್ದ ಒಂದು ಕುರ್ಚಿಯನ್ನು ಕಾಕಾ ತಂದಿದ್ದ. ಮೇಲೆ ಹೇಳಿದೆನಲ್ಲ, ಅದೇ ಕುರ್ಚಿ. ಮುತ್ಯಾ ಬಡಕಲು ಮನುಷ್ಯ, 18 ಇಂಚಿನ ಸೀಟಿನಲ್ಲಿ ಒಂದು ಕಡೆ ವಾಲಿ ಕೂತ. ಜೋತುಬಿದ್ದ ರೆಕ್ಸಿನ್ ಮೇಲೆ ಮಂಡಿ ಎರಡೂ ಒಳಗೆ ಸೇರಿಕೊಂಡವು. ಪಾದ ಫುಟ್‌ರೆಸ್ಟಿಗೆ ಮುಟ್ಟಲಿಲ್ಲ. ಬಚ್ಚಲ ಬಾಗಿಲು 25 ಇಂಚು, ಕುರ್ಚಿ 26! ಎರಡು ದಿನ ಕೂತು ಮೂರನೇ ದಿನ ಬೆಳಿಗ್ಗೆ ಹೇಳಿದ, "ತಮ್ಮಾ, ಇದು ನಂದಲ್ಲ, ದವಾಖಾನಿದು. ಪೇಷಂಟ್‌ಗ ಒಯ್ಲಾಕ ಮಾಡ್ಯಾರ."

ಒಂದನೇ ಕ್ಲಾಸಿನ ಮೆಟ್ಟಿಲೂ ಹತ್ತದವನು ಎಂಥ ಮಾತು ಹೇಳಿದ ಅಂತ ನನಗೆ ಇತಿಹಾಸ ಓದಿದ ಮೇಲೆ ಗೊತ್ತಾಯಿತು. ಗಾಲಿ ಕುರ್ಚಿಯ ಕಥೆಯಲ್ಲಿ ಶುರುವಿನಿಂದಲೂ ಎರಡು ದಾರಿ ಇವೆ. ಒಂದು, ಕೂತವನನ್ನು ಇನ್ನೊಬ್ಬರು ಒಯ್ಯುವ ಕುರ್ಚಿ. ಇನ್ನೊಂದು, ಕೂತವನೇ ಹೋಗುವ ಕುರ್ಚಿ.

ಮೊದಲನೆಯದಕ್ಕೆ ಹಳೇ ಉದಾಹರಣೆ ಸ್ಪೇನಿನ ರಾಜ ಎರಡನೇ ಫಿಲಿಪ್. ಸಂಧಿವಾತದಿಂದ ನಡೆಯಲಾಗದ ಅವನಿಗೆ 1595ರ ಸುಮಾರಿಗೆ ಒಂದು ಕುರ್ಚಿ ಮಾಡಿಕೊಟ್ಟಿದ್ದರು. ಬೆನ್ನು ಒರಗಿಸಬಹುದು, ಕಾಲು ಚಾಚಬಹುದು, ಕೆಳಗೆ ಪುಟ್ಟ ಗಾಲಿಗಳು. ಆದರೆ ಸೇವಕ ತಳ್ಳದೆ ಒಂದಿಂಚು ಹೋಗದು. ರಾಜನಿಗೇನು, ಸೇವಕರಿಗೆ ಬರವೇ? ಅರ್ಧ ಸಾಮ್ರಾಜ್ಯ ಅವನದ್ದೇ ಇತ್ತು.

ಎರಡನೆಯದು ನನಗೆ ತುಂಬಾ ಇಷ್ಟವಾದ ಕಥೆ. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಆಲ್ಟ್‌ಡಾರ್ಫ್ ಎಂಬಲ್ಲಿ ಸ್ಟೀಫನ್ ಫಾರ್ಫ್ಲರ್ ಅಂತ ಒಬ್ಬ ಗಡಿಯಾರ ಮಾಡುವವನಿದ್ದ. ಕಾಲು ನಡೆಸುತ್ತಿರಲಿಲ್ಲ. ವಯಸ್ಸು 22. ಗಡಿಯಾರದ ಹಲ್ಲುಚಕ್ರದ ವಿದ್ಯೆಯನ್ನೇ ಬಳಸಿ ತನಗೆ ತಾನೇ ಮೂರು ಗಾಲಿಯ ಬಂಡಿ ಮಾಡಿಕೊಂಡ. ಮುಂದಿನ ಗಾಲಿಯನ್ನು ಎರಡೂ ಕೈಯಿಂದ ತಿರುಗಿಸಿ ಓಡಿಸುವುದು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತಾ? ಹೌದು, ನಮ್ಮ ಬಸ್‌ಸ್ಟ್ಯಾಂಡ್‌ಗಳಲ್ಲಿ ಅಂಗವಿಕಲರು ಕೈಯಿಂದ ಪೆಡಲ್ ತುಳಿಯುತ್ತಾ ಹೋಗುವ ಮೂರು ಗಾಲಿ ಸೈಕಲ್ಲಿನ ಮುತ್ತಾತ ಇದೇ. ಕುರ್ಚಿ ಬೇಕಾದವನೇ ಕುರ್ಚಿಯ ಎಂಜಿನಿಯರ್ ಕೂಡ ಆಗಿದ್ದ.

ಆಮೇಲೆ ಬಹಳ ಕಾಲ ಮೊದಲನೇ ದಾರಿಯದ್ದೇ ರಾಜ್ಯಭಾರ. ಇಂಗ್ಲೆಂಡಿನ ಬಾತ್ ಎಂಬ ಊರಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ರೋಗಿಗಳನ್ನು ಒಯ್ಯಲು 18ನೇ ಶತಮಾನದಲ್ಲಿ 'ಬಾತ್ ಚೇರ್' ಬಂತು. ಅದೂ ಇನ್ನೊಬ್ಬರು ಎಳೆಯುವ ಅಥವಾ ತಳ್ಳುವ ಬಂಡಿಯೇ. 1869ರ ಒಂದು ಅಮೆರಿಕನ್ ಪೇಟೆಂಟಿನಲ್ಲಿ ಹಿಂದೆ ದೊಡ್ಡ ಗಾಲಿ, ಮುಂದೆ ಚಿಕ್ಕ ಗಾಲಿ ಇರುವ ರೂಪ ಕಾಣುತ್ತದೆ. ಕೂತವನು ಕೈಯಲ್ಲಿ ಹಿಡಿದು ತಿರುಗಿಸುವ ಹೊರಬಳೆ 1881ರ ಹೊತ್ತಿಗೆ ಬಂತು. ಅಂದರೆ ಸುಮಾರು ಒಂದೂವರೆ ಶತಮಾನದಿಂದ ಮೂಲ ಆಕಾರ ಬದಲಾಗಿಲ್ಲ. ನಮ್ಮ ಆಫೀಸಿನ ಲೆಗಸಿ ಕೋಡ್ ಇದರ ಮುಂದೆ ಮಗು.

ಈಗ 1933ಕ್ಕೆ ಬನ್ನಿ. ಹರ್ಬರ್ಟ್ ಎವರೆಸ್ಟ್ ಅಂತ ಅಮೆರಿಕದ ಒಬ್ಬ ಮೈನಿಂಗ್ ಎಂಜಿನಿಯರ್. ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದ. (ಖಣಿಯವರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಓದಿ ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು.) ಆಗಿನ ಕುರ್ಚಿಗಳು ಮರ, ಬೆತ್ತದವು. ಭಾರ, ಮಡಚಲು ಬರದು, ಕಾರಿನಲ್ಲಿ ಹಿಡಿಸದು. ಎವರೆಸ್ಟ್ ತನ್ನ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಜೊತೆ ಸೇರಿ ಉಕ್ಕಿನ ಕೊಳವೆಯಲ್ಲಿ, ಕತ್ತರಿಯಂತೆ ಮಡಚುವ ಕುರ್ಚಿ ಮಾಡಿದ. ಇಬ್ಬರ ಹೆಸರಿನ ಕಂಪನಿ ದಶಕಗಳ ಕಾಲ ಅಮೆರಿಕದ ಮಾರುಕಟ್ಟೆಯನ್ನು ಆಳಿತು. ಎಷ್ಟೆಂದರೆ, 1977ರಲ್ಲಿ ಅಲ್ಲಿನ ಸರ್ಕಾರವೇ ಏಕಸ್ವಾಮ್ಯದ ಕೇಸು ಹಾಕಬೇಕಾಯಿತು!

ಇಲ್ಲಿ ನೋಡಿ ತಮಾಷೆ. ಎವರೆಸ್ಟ್ ಕೂಡ ಫಾರ್ಫ್ಲರ್ ಹಾಗೆಯೇ ತನಗೋಸ್ಕರ ಮಾಡಿಕೊಂಡವನು. ಅವನ ಅಗತ್ಯ ಕಾರು, ಅಮೆರಿಕದ ನುಣುಪು ರಸ್ತೆ, ಅಗಲ ಬಾಗಿಲು. ಅದೇ ವಿನ್ಯಾಸ ಆಸ್ಪತ್ರೆಗಳಿಗೂ ಸರಿಹೋಯಿತು. ಮಡಚಿ ಸಾಲಾಗಿ ನಿಲ್ಲಿಸಬಹುದು, ತೂಕದವರು ಬಡಕಲರು ಯಾರನ್ನಾದರೂ ಕೂರಿಸಿ ವಾರ್ಡಿನಿಂದ ಎಕ್ಸ್‌ರೇ ರೂಮಿಗೆ ಒಯ್ಯಬಹುದು. ಹತ್ತು ನಿಮಿಷ ಕೂರುವುದಕ್ಕೆ ಅಳತೆ ಯಾರು ನೋಡುತ್ತಾರೆ? 18 ಇಂಚು ಎಲ್ಲರಿಗೂ ಆಗುತ್ತದೆ. ಒಬ್ಬ ಎಂಜಿನಿಯರ್ ತನ್ನ ಮೈಗೆ ಹೊಲಿದುಕೊಂಡ ಅಂಗಿ ಕೊನೆಗೆ ಊರಿಗೆಲ್ಲ ಫ್ರೀ ಸೈಜ್ ಆಯಿತು. ಮುತ್ಯಾ ಹೇಳಿದ್ದೂ ಇದನ್ನೇ ಅಲ್ಲವೇ?

ಅದೇ 1933ರಲ್ಲಿ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲೇ ಕಾಯಿಲೆಯಿಂದ ಕಾಲು ಕಳೆದುಕೊಂಡಿದ್ದ. ಅವನು ಬಳಸಿದ್ದು ಯಾವ ಕಂಪನಿಯ ಕುರ್ಚಿಯನ್ನೂ ಅಲ್ಲ. ಅಡುಗೆಮನೆಯ ಕೈ ಇಲ್ಲದ ಮರದ ಕುರ್ಚಿಗೆ ಪುಟ್ಟ ಗಾಲಿ ಹಾಕಿಸಿಕೊಂಡಿದ್ದ. ಮನೆಯೊಳಗಿನ ಕಿರಿದಾದ ಬಾಗಿಲಲ್ಲಿ ನುಸುಳಲು ಅದೇ ಅನುಕೂಲ. ನಾನು ಬಚ್ಚಲ ಬಾಗಿಲ 25 ಇಂಚಿನ ಲೆಕ್ಕ ಹಾಕುತ್ತಾ ಕೂತಿದ್ದಾಗ ಇದನ್ನು ಓದಿ ಎಷ್ಟು ಧೈರ್ಯ ಬಂತು ಅಂತೀರಿ.

ನಮ್ಮಂಥ ಊರುಗಳ ವಿಷಯಕ್ಕೆ ಬಂದರೆ ರಾಲ್ಫ್ ಹಾಚ್‌ಕಿಸ್ ಎಂಬ ಎಂಜಿನಿಯರ್ ಹೆಸರು ಹೇಳಲೇಬೇಕು. 1966ರಲ್ಲಿ ಬೈಕ್ ಅಪಘಾತವಾಗಿ ತಾನೇ ಗಾಲಿ ಕುರ್ಚಿ ಹಿಡಿದವನು. 1980ರಲ್ಲಿ ನಿಕರಾಗುವಾಕ್ಕೆ ಹೋದಾಗ, ಅಲ್ಲಿನ ಮಣ್ಣು ರಸ್ತೆಗಳಲ್ಲಿ ಒಂದೇ ಕುರ್ಚಿಯನ್ನು ಹಲವರು ಹಂಚಿಕೊಂಡು, ತಾವೇ ರಿಪೇರಿ ಮಾಡಿಕೊಂಡು ಬಳಸುತ್ತಿದ್ದುದನ್ನು ಕಂಡ. ಅಲ್ಲಿಂದ ಶುರುವಾದ ಕೆಲಸ ಮುಂದೆ ವರ್ಲ್‌ವಿಂಡ್ ಸಂಸ್ಥೆಯಾಯಿತು. ಅವರ ಕುರ್ಚಿಯ ಗುಟ್ಟು ಇರುವುದು ಮುಂದಿನ ಗಾಲಿಯಲ್ಲಿ. ಅಗಲವಾದ ಮೆತ್ತನೆ ರಬ್ಬರ್ ಗಾಲಿ, ಮಣ್ಣಲ್ಲಿ ಹೂತುಕೊಳ್ಳುವುದಿಲ್ಲ. ಜಿಂಬಾಬ್ವೆಯಲ್ಲಿ ರೂಪಿಸಿದ್ದರಿಂದ ಅದಕ್ಕೆ ಜಿಂಬಾಬ್ವೆ ಗಾಲಿ ಅಂತಲೇ ಹೆಸರು.

ಮುಂದಿನ ಗಾಲಿಗೆ ಯಾಕಿಷ್ಟು ಮಹತ್ವ? ಸ್ವಲ್ಪ ಎಂಜಿನಿಯರಿಂಗ್ ಸಹಿಸಿಕೊಳ್ಳಿ. 2 ಇಂಚಿನ ಹೊಸ್ತಿಲಿದೆ ಅಂದುಕೊಳ್ಳಿ. 24 ಇಂಚಿನ ಗಾಲಿಯನ್ನು ನೇರವಾಗಿ ತಳ್ಳಿ ಹತ್ತಿಸಲು ಅದರ ಮೇಲಿನ ಭಾರದ ಮೂರನೇ ಎರಡು ಭಾಗ ಬಲ ಸಾಕು. 8 ಇಂಚಿನ ಗಾಲಿಗೆ ಭಾರದ ಒಂದೂಮುಕ್ಕಾಲು ಪಟ್ಟು ಬೇಕು. ಹೊಸ್ತಿಲು 4 ಇಂಚಾದರೆ ಆ ಚಿಕ್ಕ ಗಾಲಿಯನ್ನು ಭೀಮ ಬಂದು ತಳ್ಳಿದರೂ ಹತ್ತೋದಿಲ್ಲ. ಅದಕ್ಕೇ ಹೊಸ್ತಿಲ ಹತ್ತಿರ ಕುರ್ಚಿ ತಿರುಗಿಸಿ ಹಿಂದು ಹಿಂದಕ್ಕೆ ಎಳೆಯಬೇಕು, ದೊಡ್ಡ ಗಾಲಿ ಮೊದಲು ಹತ್ತಲಿ ಅಂತ. ಹಳೇ ಮನೆಯ ಫರ್ಸಿ ನೆಲದಲ್ಲಿ ಕಲ್ಲು ಕಲ್ಲಿನ ನಡುವಿನ ಸಂದು ಬೇರೆ. ಸಣ್ಣ ಗಟ್ಟಿ ಗಾಲಿ ಅದರಲ್ಲಿ ಸಿಕ್ಕಿಕೊಂಡರೆ ಕೂತವನು ಮುಂದಕ್ಕೆ ಮುಗ್ಗರಿಸುತ್ತಾನೆ.

ಭಾರತದಲ್ಲಿ 1972ರಲ್ಲಿ ಕಾನ್ಪುರದಲ್ಲಿ ಸರ್ಕಾರದ ಅಲಿಮ್ಕೊ ಶುರುವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಮೊಬಿಲಿಟಿ ಇಂಡಿಯಾ ಬಂತು. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಕೋಲು, ವಾಕರ್, ಕನ್ನಡಕದ ಜೊತೆ ಗಾಲಿ ಕುರ್ಚಿಯನ್ನೂ ಉಚಿತವಾಗಿ ಕೊಡುವ ಏರ್ಪಾಡಾಯಿತು. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ನಿಯೋಮೋಷನ್ 2020ರಲ್ಲಿ ಬಳಸುವವರ ಮೈ ಅಳತೆಗೆ ತಕ್ಕ ಕುರ್ಚಿ ತಂದಿತು. ಇವೆಲ್ಲದರ ನಡುವೆ ನನಗೆ ಕೈಪಿಡಿಯಾದದ್ದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಮಾರ್ಗಸೂಚಿ. ಅದರ ತಿರುಳು ಇಷ್ಟೇ: ಕುರ್ಚಿ ಆ ಮನುಷ್ಯನ ಅಗತ್ಯಕ್ಕೆ, ಅವನ ಮೈಗೆ, ಅವನಿರುವ ಜಾಗಕ್ಕೆ ಹೊಂದಬೇಕು. ಕೊಟ್ಟು ಕೈತೊಳೆದುಕೊಳ್ಳುವುದಲ್ಲ, ಅಳತೆ ತೆಗೆಯಬೇಕು, ಕೂರಿಸಿ ನೋಡಬೇಕು, ಬಳಸಲು ಕಲಿಸಬೇಕು.

ಸರಿ, ಟೇಪು ಹಿಡಿದೆ. ಗಟ್ಟಿ ಹಲಗೆಯ ಮೇಲೆ ಕೂರಿಸಿ ಅಳೆದರೆ ಮುತ್ಯಾನ ಸೊಂಟದ ಅಗಲ 15 ಇಂಚು. ಸೀಟು 16 ಇದ್ದರೆ ಸಾಕು, ಕುರ್ಚಿಯ ಒಟ್ಟು ಅಗಲ 24ಕ್ಕೆ ಇಳಿಯುತ್ತದೆ. ಸೀಟಿನ ಉದ್ದ ಮಂಡಿಯ ಹಿಂಭಾಗಕ್ಕಿಂತ ಎರಡು ಬೆರಳು ಕಡಿಮೆ ಇರಬೇಕು, ಇಲ್ಲದಿದ್ದರೆ ಅಂಚು ಒತ್ತುತ್ತದೆ. ಮಂಡಿ ಹಿಂಭಾಗದಿಂದ ಹಿಮ್ಮಡಿವರೆಗೆ ಅಳೆದು ಫುಟ್‌ರೆಸ್ಟ್ ಎತ್ತರ. ದಿನವಿಡೀ ಕೂರುವವನಿಗೆ ಕುಶನ್ ಬೇಕೇಬೇಕು, ಇಲ್ಲದಿದ್ದರೆ ಕೂತಲ್ಲೇ ಹುಣ್ಣಾಗುತ್ತದೆ. ಕುಶನ್ ಹಾಕಿದ ಮೇಲೆ ಕುರ್ಚಿ ಎತ್ತರವೂ ಮಂಚದ ಎತ್ತರವೂ ಒಂದೇ ಆಗಬೇಕು, ಪಕ್ಕಕ್ಕೆ ಸರಿದು ಕೂರಲು.

ಕಲಬುರಗಿಯ ಒಂದು ಅಂಗಡಿಯಲ್ಲಿ 16 ಇಂಚು ಕೇಳಿದೆ. "ಸರ್, ಎಲ್ಲಾರಿಗೂ ಇದೇ ಬರ್ತದ ನೋಡ್ರಿ. ಮುದುಕರಿಗ್ ಏನ್ ಸೈಜ್ ರೀ?" ಅಂದರು. ಬದಲಿಗೆ ನಾಲ್ಕೂ ಚಿಕ್ಕ ಗಾಲಿಯ, ಹಿಂದಿನಿಂದ ತಳ್ಳುವ ಕುರ್ಚಿ ತೋರಿಸಿದರು. ಅದು ಹಗುರ, ಕಿರಿದು, ಅಗ್ಗ. ಬಚ್ಚಲಿಗೆ ಸಲೀಸಾಗಿ ಹೋಗುತ್ತದೆ. ಕಾಕಾನಿಗೂ ಅದೇ ಹಿಡಿಸಿತು. ನ್ಯಾಯವಾಗಿ ನೋಡಿದರೆ ಅವನ ಮಾತಲ್ಲೂ ಅರ್ಥವಿತ್ತು. ದಿನಾ ಎತ್ತಿ ಇಳಿಸುವವಳು ಚಿಗವ್ವ, ಬೆಂಗಳೂರಲ್ಲಿ ಕೂತು ಇತಿಹಾಸ ಓದುವ ನಾನಲ್ಲ. ಅವಳ ಬೆನ್ನಿನ ಲೆಕ್ಕ ಯಾವ ಮಾರ್ಗಸೂಚಿಯಲ್ಲಿ ಹಾಕೋಣ?

ಹಾಗಾಗಿ ಅವಳನ್ನೇ ಕೇಳಿದೆ. "ಮಾಮಾ ತಾನೇ ಕಟ್ಟಿತನಾ ಹೋಗಿ ಕುಂತ್ರ ನನಗ ಅರ್ಧ ದಿನ ಪುರಸೊತ್ತು ಸಿಗ್ತದ. ಅವ್ರ ಕೈಯಾಗ ಹೋಗುವಂಥದೇ ತಗೋ," ಅಂದಳು. ಮುತ್ಯಾ ಮಂಚದ ಮೇಲಿಂದ, "ಹೇಳಕಿ ಹೇಳಿದ್ಳು ನೋಡು," ಅಂದ. ಅಲ್ಲಿಗೆ ತೀರ್ಮಾನವಾಯಿತು.

ಬೆಂಗಳೂರಿನಿಂದ ತರಿಸಿದ್ದು 16 ಇಂಚಿನ ಅಲ್ಯೂಮಿನಿಯಂ ಕುರ್ಚಿ. ದೊಡ್ಡ ಹಿಂಗಾಲಿ, ಅಗಲವಾದ ಮುಂಗಾಲಿ. ಕೈ ಇಡುವ ಭಾಗ ಕಳಚಬಹುದು, ಹಾಗಾಗಿ ಚಿಗವ್ವ ಎತ್ತಬೇಕಿಲ್ಲ, ಮುತ್ಯಾ ತೋಳಿನ ಬಲದಿಂದಲೇ ಮಂಚಕ್ಕೆ ಸರಿಯುತ್ತಾನೆ. ಬೆಲೆ ಸ್ಟೀಲ್ ಕುರ್ಚಿಯ ಎರಡು ಪಟ್ಟಿಗಿಂತ ಜಾಸ್ತಿ. ಕಾಕಾ ಒಂದು ವಾರ ಅದನ್ನೇ ಹೇಳಿದ.

ಇನ್ನು ಉಳಿದದ್ದು ಬಾಗಿಲ ಮುಂದಿನ 5 ಇಂಚಿನ ಮೆಟ್ಟಿಲು. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇಳಿಜಾರಿಗೆ 5 ಅಡಿ ಬೇಕು, ಮೂರೂವರೆ ಅಡಿಗೆ ಗಟಾರ. ಗೋಡೆಗುಂಟ ಅಡ್ಡಡ್ಡ ತೆಗೆದುಕೊಂಡೆವು. ಕಲ್ಲು ಯಾವುದು ಹಾಕಬೇಕೆಂದು ಹೇಳಿದವನು ಮುತ್ಯಾನೇ. "ಪಾಲಿಶ್ ಹಾಕಬ್ಯಾಡ್ರಿ, ಮಳಿ ಬಂದ್ರ ಜಾರ್ತದ. ಒರಟು ಫರ್ಸಿ ಹಾಕಿ ಮ್ಯಾಲ ಉಳೀಲೆ ಕಚ್ಚು ಹೊಡೀರಿ, ಅಡ್ಡ." ಕಚ್ಚು ತೀರಾ ಆಳವಾಯಿತೆಂದು ಎರಡು ಕಲ್ಲು ಕೀಳಿಸಿ ಮತ್ತೆ ಹಾಕಿಸಿದ.

ಈಗ ಬೆಳಿಗ್ಗೆ ತಾನೇ ಇಳಿದು ಕಟ್ಟೆಯವರೆಗೆ ಹೋಗುತ್ತಾನಂತೆ. ಬರುವಾಗ ಏರು, ಯಾರಾದರೂ ಹುಡುಗರು ತಳ್ಳಬೇಕು. ಬಚ್ಚಲ ಬಾಗಿಲಲ್ಲಿ ಎರಡೂ ಕಡೆ ಅರ್ಧರ್ಧ ಇಂಚು ಮಾತ್ರ ಮಿಕ್ಕಿರುವುದರಿಂದ ಅಲ್ಲಿ ಗಾಲಿಗೆ ಕೈ ಹಾಕಿದರೆ ಬೆರಳು ಸಿಕ್ಕಿಕೊಳ್ಳುತ್ತವೆ. ಅಲ್ಲೊಂದು ಕಡೆ ಇವತ್ತಿಗೂ ಚಿಗವ್ವನೇ ಎಳೆಯುತ್ತಾಳೆ. ದೀಪಾವಳಿಗೆ ಹೋದಾಗ ಚೌಕಟ್ಟು ಕೀಳಿಸುವ ಮಾತಿದೆ.