ಎರಡು ಕ್ಷೇತ್ರ, ಹದಿನೈದು ಕ್ಷೇತ್ರ

ಚೋಲಿವಾಲಾ ನಾಯಕ, ಕಪಾಡಿಯಾ ನಾಯಕ, ಮೋಟಾ ನಾಯಕ, ನಾನಾ ನಾಯಕ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯ 38ನೇ ನಮೂದಿನಲ್ಲಿರುವ ಹೆಸರುಗಳಿವು. ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯಲ್ಲಿ ಯಾರೂ ತಮ್ಮನ್ನು ಹೀಗೆ ಕರೆದುಕೊಂಡದ್ದನ್ನು ನಾನು ಕೇಳಿಲ್ಲ.

ಈ ಪಟ್ಟಿಯನ್ನು ಕೆದಕಲು ಕಾರಣ ವಿಶ್ವವಿದ್ಯಾಲಯದಲ್ಲಿ ನಾನು ನಡೆಸುತ್ತಿದ್ದ ಒಂದು ಚರ್ಚೆ. ಬುಡಕಟ್ಟುಗಳ ರಾಜಕೀಯ ಪ್ರಾತಿನಿಧ್ಯದ ಮಾತು ನಡೆದಿತ್ತು. ‘ಎಲ್ಲಾ ಖೊಟ್ಟಿ ಸರ್ಟಿಫಿಕೇಟ್‌ನವರೇ’ ಎಂದು ಹಿಂದಿನ ಸಾಲಿನಿಂದ ಒಬ್ಬ ಅಂದ. ಮಾತಾಡುತ್ತಿದ್ದ ತುಕ್ಕಾನಟ್ಟಿಯ ವಿದ್ಯಾರ್ಥಿನಿ ಅರ್ಧಕ್ಕೇ ನಿಲ್ಲಿಸಿ ಕೂತಳು. ಚರ್ಚೆ ಮುಂದೂಡಿದೆ. ಎಲ್ಲರೂ ಕಾಗದಪತ್ರ ಓದಿಕೊಂಡೇ ಬರಬೇಕು ಎಂದೆ.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಗುಜರಾತಿನವರನ್ನೂ ಒಳಗೊಂಡಿದ್ದ ಮುಂಬಯಿಯ ಪಟ್ಟಿ ಏಕೀಕರಣದೊಂದಿಗೆ ನಮ್ಮ ಜಿಲ್ಲೆಗಳಿಗೂ ಬಂತು. ಹಳೆ ಮೈಸೂರಿನ ಪಟ್ಟಿ ಬೇರೆ, ಮುಂಬಯಿ ಕರ್ನಾಟಕದ್ದು ಬೇರೆ; ಒಂದು ಪಟ್ಟಿಯ ಹೆಸರು ಆ ಪ್ರದೇಶದಲ್ಲಷ್ಟೇ ನಡೆಯುತ್ತಿತ್ತು. ಆ ಪ್ರದೇಶ ನಿರ್ಬಂಧ ತೆಗೆದದ್ದು 1976ರ ತಿದ್ದುಪಡಿ. 1971ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು ಸುಮಾರು 2.31 ಲಕ್ಷ, 1981ರಲ್ಲಿ 18.25 ಲಕ್ಷ. ‘ಖೊಟ್ಟಿ’ ಎನ್ನುವವರು ಬೆರಳಿಡುವುದು ಈ ಜಿಗಿತದ ಮೇಲೆಯೇ. ಸುಳ್ಳು ಪ್ರಮಾಣಪತ್ರಗಳೇ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಕಾನೂನು ಗೆರೆ ಅಳಿಸಿದ ಮೇಲೆ ಲೆಕ್ಕ ಬದಲಾದದ್ದಕ್ಕೆ ಇಡೀ ಸಮುದಾಯವನ್ನೇ ಕಳ್ಳರೆನ್ನುವುದು ಅನ್ಯಾಯ. ಮುಂದೆ 1991ರ ಕಾಯ್ದೆ ನಾಯಕ್, ಬೇಡ, ಬೇಡರ್, ವಾಲ್ಮೀಕಿ ಹೆಸರುಗಳನ್ನೂ ಅದೇ 38ನೇ ನಮೂದಿಗೆ ಸೇರಿಸಿತು.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಲೆಕ್ಕ. ಸಂವಿಧಾನದ 332ನೇ ವಿಧಿಯಂತೆ ವಿಧಾನಸಭೆಯ ಮೀಸಲು ಸ್ಥಾನಗಳು ಜನಸಂಖ್ಯೆಗೆ ತಕ್ಕಂತಿರಬೇಕು. 1971ರ ಪಾಲು ಶೇ. 0.79, 224 ಸ್ಥಾನಗಳಲ್ಲಿ ಅದು ಎರಡಾಗುತ್ತದೆ. ಆ ಎರಡರಲ್ಲಿ ಒಂದು ಗೋಕಾಕ. ಕ್ಷೇತ್ರ ಪುನರ್ವಿಂಗಡಣೆ ಸ್ತಂಭಿಸಿದ್ದರಿಂದ ಜನಸಂಖ್ಯೆ 18 ಲಕ್ಷ, ಆಮೇಲೆ 34 ಲಕ್ಷ ಆದರೂ 2004ರ ಚುನಾವಣೆಯವರೆಗೆ ಸ್ಥಾನ ಎರಡೇ. 2001ರ ಗಣತಿಯ ಶೇ. 6.55 ಹಿಡಿದು 2008ರಲ್ಲಿ ಹದಿನೈದಾಯಿತು. ಗೋಕಾಕ ಸಾಮಾನ್ಯ ಕ್ಷೇತ್ರವಾಯಿತು, ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಮೀಸಲಾಯಿತು. ಹೆಚ್ಚು ಸಿಕ್ಕಿತೆಂದು ದೂರುವವರು ಆ ಮೂರು ದಶಕಗಳ ಕೊರತೆಯನ್ನು ಎಣಿಸುವುದೇ ಇಲ್ಲ.

ಮುಂದಿನ ಸಭೆಯಲ್ಲಿ ತುಕ್ಕಾನಟ್ಟಿಯ ವಿದ್ಯಾರ್ಥಿನಿಯೇ ಮೊದಲು ಎದ್ದಳು. ‘ನಮ್ಮ ಮುತ್ಯಾ ಊರ ತಳವಾರಕಿ ಮಾಡ್ತಿದ್ದ ಸರ. ಪಟ್ಟಿಯೊಳಗ ತಳವಾರ ಅಂತ ಹೆಸರು ಬರಾಕ 2020 ಆತು.’ ಕೈಯಲ್ಲಿ ಆ ವರ್ಷದ ತಿದ್ದುಪಡಿಯ ಪ್ರತಿ ಇತ್ತು. ಉತ್ತರ ಕನ್ನಡದಲ್ಲಿ ಮೊದಲೇ ಪಟ್ಟಿಯಲ್ಲಿದ್ದ ಸಿದ್ದಿಗಳನ್ನು ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಸೇರಿಸಿದ್ದು ಅದೇ ಕಾಯ್ದೆ.

ಹಿಂದಿನ ಸಾಲಿನ ಹುಡುಗನೂ ಓದಿಕೊಂಡು ಬಂದಿದ್ದ. ‘ಹದಿನೈದರೊಳಗ ಸಿದ್ದಿ, ಸೋಲಿಗ, ಕೊರಗರ ಪಾಲೆಷ್ಟು?’ ಎಂದು ಕೇಳಿದ. ಈ ಪ್ರಶ್ನೆಗೆ ಆಕೆಯೂ ತಲೆದೂಗಿದಳು. ಸಿದ್ದಿಗಳಲ್ಲಿ ಮೊದಲಿಗರಾಗಿ ಶಾಸನಸಭೆ ಹೊಕ್ಕ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ಬಂದದ್ದು ನಾಮನಿರ್ದೇಶನದಿಂದ. ಚುನಾವಣೆಯ ದಾರಿ ಅಂಥ ಸಣ್ಣ ಸಮುದಾಯಗಳಿಗೆ ಹೇಗೆ ತೆರೆಯಬೇಕು ಎಂಬುದರ ಮೇಲೆ ಅಂದು ಸಂಜೆಯವರೆಗೂ ಮಾತು ನಡೆಯಿತು.